ಹೋಗುವ ವೇಗ

ಅಡುಗೆಮನೆಯ ದೀಪ ಮೂರು ಸಲ ಮಿನುಗಿತು:
ಯಾರೋ ಬಂದಿದ್ದಾರೆ.
ಬಾಗಿಲಲ್ಲಿ ಹುಡುಗಿ, ಕೊರಳಲ್ಲಿ ಕಂಪನಿಯ ಪಟ್ಟಿ, ಹೆಸರು ಇವೆಟ.
ತುಟಿ ಬಹಳ ಬೇಗ ಆಡಿಸುತ್ತಾಳೆ.
ಕಿವಿ ಮುಟ್ಟಿ ತಲೆಯಾಡಿಸಿದೆ.
ಪಾಪ, ಕೆಂಪಾದಳು; ಆಮೇಲೆ ಎಲ್ಲರಂತೆ
ಅದನ್ನೇ ಇನ್ನೂ ಜೋರಾಗಿ ಹೇಳಿದಳು.

ಕೊನೆಗೆ ಬ್ರೆಡ್ಡಿನ ಚೀಲ ಬಿಡಿಸಿ ಹಾಸಿ
ಮೇಜಿನ ಮೇಲೆ ಬರೆದಳು:
ಈಗ ನಿಮ್ಮದು ಇಪ್ಪತ್ತನಾಲ್ಕು. ನಮ್ಮದು ಐನೂರು.
ತಿಂಗಳಿಗೆ ಹನ್ನೊಂದು ಯೂರೊ ಹೆಚ್ಚು, ಅಷ್ಟೇ.
ಎರಡು ವರ್ಷ ಬಿಡುವಂತಿಲ್ಲ.
ಅದರ ಕೆಳಗೆ ನಾನು: ನನಗೆ ಎಂಬತ್ತೊಂದು.
ಬಿಡುವುದು ನನ್ನ ಕೈಲಿಲ್ಲ.
ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಹನ್ನೊಂದು ಯೂರೊ ಅಂದರೆ
ಬ್ರಾಗಾದ ಈ ಬೀದಿಯ ಮೂಲೆಯಂಗಡಿಯಲ್ಲಿ
ಹನ್ನೊಂದು ಬೆಳಗಿನ ಕಾಫಿ.
ನನಗೇಕೆ ಐನೂರು?
ಐವತ್ತು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದವನು,
ಅಂಟು ಒಣಗುವ ತನಕ ಸುಮ್ಮನೆ ಕೂರಬಲ್ಲವನು.
ಕಾಯಲಾಗದ್ದು ಒಂದೇ:
ಭಾನುವಾರ, ನನಗೆ ನಾಲ್ಕು ಗಂಟೆ, ಅವಳಿಗೆ ಮೂರು,
ನಡುಗಡಲಿನ ಪಿಕು ದ್ವೀಪದಿಂದ ತಂಗಿ ಅದೊಸಿಂದಾ.
ಅವಳೂ ನನ್ನ ಹಾಗೆಯೇ.
ನಮ್ಮ ಮಾತೆಲ್ಲ ಕೈಯಲ್ಲಿ.

ನಿಮಗೆ ಚಿತ್ರ ನಿಂತರೂ ದನಿ ಹೇಗೋ ತೆವಳಿಕೊಂಡು ಬರುತ್ತದೆಯಂತೆ.
ನಮಗೆ ಚಿತ್ರವೇ ದನಿ.
ಅವಳ ಬೆರಳು ಗಲ್ಲದ ಹತ್ತಿರ ಹೋಗಿ
ನಿಂತುಬಿಡುತ್ತದೆ.
ಅಲ್ಲಿಂದ ಅದು ಅಮ್ಮ ಆಗಬಹುದಿತ್ತು,
ನಾಳೆ ಆಗಬಹುದಿತ್ತು,
ಬರೀ ತುರಿಕೆಯೂ ಆಗಬಹುದಿತ್ತು.
ನೆಟ್ಟು ಕೈಕೊಟ್ಟಿತು ಅನ್ನುತ್ತೀರಿ ನೀವು.
ನಮ್ಮಲ್ಲಿ ಅದು ಕೈ ಕಿತ್ತುಕೊಳ್ಳುತ್ತದೆ.
ಕೈಗೆ ಬಂದ ಮಾತು ಕಣ್ಣಿಗೆ ಬರುವುದಿಲ್ಲ.

ಹೋದ ಚಳಿಗಾಲ ಫರುಸ್ಕಾ ಸತ್ತಿತು,
ಹದಿನೇಳು ವರ್ಷದ ಬೆಕ್ಕು, ಒಲೆಯ ಮಸಿಯ ಬಣ್ಣ.
ತಂಗಿಗೆ ಹೇಳಿದೆ.
ಅವಳು ನಕ್ಕಳು. ಎರಡೂ ಕೈ ಎತ್ತಿ ಗಾಳಿಯಲ್ಲಿ ಅಲ್ಲಾಡಿಸಿದಳು,
ಮದುವೆಮನೆಯಲ್ಲಿ ನಾವು ಚಪ್ಪಾಳೆಗೆ ಬದಲು ಮಾಡುತ್ತೇವಲ್ಲ, ಹಾಗೆ.
ಮೂರು ಭಾನುವಾರ ನಾನು ಯಂತ್ರ ತೆರೆಯಲಿಲ್ಲ.
ಯಾಕೆಂದು ಕಾಗದವನ್ನೂ ಬರೆಯಲಿಲ್ಲ.

ಇವೆಟ ಚೀಲದ ಮೇಲೆ ಎರಡು ಬಾಣ ಎಳೆದಳು.
ಕೆಳಮುಖದ್ದು: ನಿಮಗೆ ಬರುವುದು, ಇಪ್ಪತ್ತನಾಲ್ಕು.
ಮೇಲ್ಮುಖದ್ದು: ನೀವು ಕಳಿಸುವುದು.
ಅದರ ಪಕ್ಕ ಅರ್ಧ ಎಂದು ಬರೆದು
ನನ್ನ ಮುಖ ನೋಡಿದಳು.
ತಂಗಿಯದು? ಎಂದು ಬರೆದೆ.
ಭುಜ ಕುಣಿಸಿದಳು. ಅದು ಅವರ ತಂತಿ, ಅವರ ಕಂಪನಿ.
ನಿಮ್ಮದು ಬದಲಿಸಿದರೂ ಅವರ ಕೈ ನಿಮಗೆ ಈಗ ಕಂಡಷ್ಟೇ.
ನಿಮ್ಮ ಕೈ ಅವರಿಗೆ ಸರಿಯಾಗಿ ಕಾಣುತ್ತದೆ.

ಆ ಸಾಲನ್ನು ಮತ್ತೆ ಮತ್ತೆ ಓದಿದೆ.
ಇಷ್ಟು ವರ್ಷ ಅವಳ ಮುರಿದ ಬೆರಳು ಎಣಿಸುತ್ತ ಕೂತವನು
ನನ್ನದು ಅತ್ತ ಹೇಗೆ ಮುಟ್ಟುತ್ತಿದೆ ಎಂದು
ಒಂದು ದಿನ ಕೇಳಲಿಲ್ಲ.
ಆವತ್ತು ಅವಳಿಗೆ ಬೆಕ್ಕು ಮುಟ್ಟಿತ್ತು,
ಸಾವು ಮುಟ್ಟಿರಲಿಲ್ಲ.
ನಡುನೀರಲ್ಲಿ ಎಲ್ಲೋ ನನ್ನ ಕೈ ನಿಂತಿತ್ತು;
ಮಿಕ್ಕಿದ್ದನ್ನು ಅವಳೇ ತುಂಬಿಕೊಂಡಳು:
ಮರಿ ಹಾಕಿದೆ ಎಂದು.
ಹದಿನೇಳರ ಮುದಿ ಬೆಕ್ಕು!
ನನ್ನ ಮನೆಯಿಂದ ಅಂಥ ಸುದ್ದಿ ಬಂದೀತೆಂದು
ನಂಬುವವಳು ಅವಳೊಬ್ಬಳೇ.

ಹುಡುಗಿ ಕಾಗದ ಸರಿಸಿದಳು.
ಬರೀ ಹೋಗುವುದಕ್ಕೆ ಹನ್ನೊಂದು ಯೂರೊ,
ಬರುವುದರಲ್ಲಿ ಬಿಡಿಕಾಸಿನ ಲಾಭವಿಲ್ಲ.
ಲೆಕ್ಕ ಬಲ್ಲವರು ನಗಲಿ.
ಸಹಿ ಹಾಕಿದೆ, ರಟ್ಟಿನ ಮೇಲೆ ಹೆಸರು ಒತ್ತುತ್ತಿದ್ದಷ್ಟು ಜೋರಾಗಿ.

ಗುರುವಾರ ತಂತಿಯವರು ಬರುತ್ತಾರಂತೆ.
ಬಾಗಿಲು ಬಡಿಯಬೇಡಿ, ದೀಪದ ಗುಂಡಿ ಎಡಕ್ಕಿದೆ
ಎಂದು ಬರೆದುಕೊಟ್ಟೆ.
ಭಾನುವಾರ ಮೊದಲು ಬೆಕ್ಕಿನ ವಿಷಯ.
ಒಂದೊಂದೇ ಬೆರಳು, ನಿಧಾನವಾಗಿ. ಅಭ್ಯಾಸ.
ಈ ಸಲ ಅವಳು ಅತ್ತರೆ
ಆ ಮುಖ ನನಗೆ
ಚೌಕಚೌಕವಾಗಿ, ತಡವಾಗಿ ಬರುತ್ತದೆ.